ಜಿಂಕೆ ಬೇಟೆಯ ಬ್ಲೈಂಡ್ ಹತ್ತಾರು ಚಳಿಗಾಲ ಬಾಳಬೇಕೇ? ಸಾಮಗ್ರಿ ಆಯ್ಕೆಯ ಸಮಗ್ರ ಮಾರ್ಗದರ್ಶಿ

ಏಪ್ರಿಲ್ ತಿಂಗಳು. ಹಿಮ ಕರಗಿ ನೆಲ ಇನ್ನೂ ಪಚಪಚ ಅನ್ನುತ್ತಿತ್ತು. ನನ್ನ ಮೊದಲ ಬ್ಲೈಂಡ್‌ನ, ಅಂದರೆ ಜಿಂಕೆಗೆ ಕಾಣದಂತೆ ಕೂರುವ ಮರೆಗೂಡಿನ, ಗೋಡೆಯ ಕೆಳಗಿನ ಅಂಚಿಗೆ ಸ್ಕ್ರೂಡ್ರೈವರ್ ಒತ್ತಿದೆ. ಹಿಡಿಯವರೆಗೂ ಒಳಗೆ ಹೋಯಿತು. ಎಳೆದು ನೋಡಿದರೆ ತುದಿಯಲ್ಲಿ ನೆನೆದ ಅವಲಕ್ಕಿಯಂಥ ಮರದ ಚೂರು. ಅದೇ ಗೋಡೆಯ ನಡುಭಾಗ ತಟ್ಟಿದರೆ ಟಕ್ ಟಕ್ ಅನ್ನುವಷ್ಟು ಗಟ್ಟಿಯಾಗಿತ್ತು. ಆ ಗೂಡು ಕಂಡಿದ್ದು ಮೂರೇ ಚಳಿಗಾಲ.

ಅವತ್ತು ಒಂದು ವಿಷಯ ಅರ್ಥವಾಯಿತು. ಬ್ಲೈಂಡ್ ನಡುವಿನಿಂದ ಹಾಳಾಗೋದಿಲ್ಲ, ಅಂಚಿನಿಂದ ಹಾಳಾಗುತ್ತದೆ. ಹಲಗೆಯ ಕೆಳ ಅಂಚು, ಕಿಟಕಿ ಕೊರೆದ ಜಾಗ, ಸ್ಕ್ರೂ ಹೊಕ್ಕ ತೂತು, ನೆಲಕ್ಕೆ ತಾಗುವ ಕಾಲು: ಕೊಳೆ ಶುರುವಾಗೋದು ಇಲ್ಲೇ. ಹೆಚ್ಚಿನವರು ಗೋಡೆಗೆ ಯಾವ ಹಲಗೆ ಒಳ್ಳೆಯದು ಅಂತ ಮಾತ್ರ ಕೇಳುತ್ತಾರೆ. ಅಂಚನ್ನು ಯಾರೂ ಕೇಳೋದಿಲ್ಲ. ಈ ಬರಹದಲ್ಲಿ ಎರಡಕ್ಕೂ ಉತ್ತರವಿದೆ, ಆದರೆ ನನ್ನ ಒತ್ತು ಅಂಚಿನ ಮೇಲೆ.

ನಾನಿರುವುದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ. ಇಲ್ಲಿ ಬಂದೂಕಿನ ಜಿಂಕೆ ಬೇಟೆಯ ಮುಖ್ಯ ಸೀಸನ್ 9 ದಿನ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಶುರುವಾಗುತ್ತದೆ. ನವೆಂಬರ್ ಕೊನೆಯ ಚಳಿಯಲ್ಲಿ ಬೆಳಕು ಹರಿಯುವ ಮೊದಲೇ ಹೋಗಿ, ಬಿಳಿಬಾಲದ ಜಿಂಕೆ ಬರುವವರೆಗೆ ಅಲುಗದೆ ಕೂರಬೇಕು. ಹಾಗೆ ಕೂರುವ ಗೂಡೇ ಬ್ಲೈಂಡ್. ಮಲೆನಾಡಿನ ಹಿರಿಯರಿಗೆ ಇದನ್ನು ವಿವರಿಸಬೇಕಿಲ್ಲ, ಹಿಂದೆ ಅವರು ಇದಕ್ಕೆ ‘ಮರಸು ಕೂರೋದು’ ಅನ್ನುತ್ತಿದ್ದರು. ಭಾರತದಲ್ಲಿ ಈಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜಿಂಕೆ, ಕಡವೆ ಬೇಟೆ ಅಪರಾಧ. ಹಾಗಾಗಿ ಇದನ್ನು ಬರೆಯುತ್ತಿರುವುದು ಮುಖ್ಯವಾಗಿ ಅಮೆರಿಕದಲ್ಲಿ ಲೈಸೆನ್ಸ್ ಪಡೆದು ಬೇಟೆಗೆ ಹೋಗುವ ಕನ್ನಡಿಗರಿಗೆ. ಊರಲ್ಲಿ ಫೋಟೋ ತೆಗೆಯಲು ಮರೆ ಕಟ್ಟುವವರಿಗೆ, ಗದ್ದೆ ಕಾಯಲು ಅಟ್ಟಣೆ ಹಾಕುವವರಿಗೆ ಬೇಕಾದ ಮಾತು ನಡುವೆ ಒಂದು ಕಡೆ ಬರುತ್ತದೆ.

ಹೆಜ್ಜೆ 1: ಜಾಗ ಯಾರದು, ಎಷ್ಟು ವರ್ಷ ಬೇಕು?

ಸಾಮಗ್ರಿ ಆರಿಸುವ ಮೊದಲು ಇದನ್ನು ತೀರ್ಮಾನಿಸಿ. ಸರ್ಕಾರಿ ಕಾಡಿನಲ್ಲಿ ಬೇಟೆಯಾಡುವವರು ಶಾಶ್ವತ ಗೂಡು ಕಟ್ಟುವ ಹಾಗಿಲ್ಲ. ಹೊತ್ತೊಯ್ಯುವ ಬಟ್ಟೆಯ ಬ್ಲೈಂಡೇ ಗತಿ. ಬಂದೂಕಿನ ಸೀಸನ್ನಿನಲ್ಲಿ ರಾಜ್ಯದ ಜಮೀನಿನಲ್ಲಿ ನೆಲದ ಮೇಲೆ ಇಡುವ ಬ್ಲೈಂಡ್‌ಗೆ ಎಲ್ಲ ದಿಕ್ಕಿನಿಂದಲೂ ಕಾಣುವಂತೆ 144 ಚದರ ಇಂಚು ಉಜ್ವಲ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಬಟ್ಟೆ ಇರಬೇಕು. ನಿಯಮ ಆಗಾಗ ಬದಲಾಗುತ್ತದೆ, ಪ್ರತಿ ವರ್ಷದ ಕೈಪಿಡಿ ಓದಿಕೊಳ್ಳಿ.

ಬಟ್ಟೆಯ ಬ್ಲೈಂಡ್ ಕೊಳ್ಳುವಾಗ ಡೆನಿಯರ್ ಅನ್ನೋ ಅಂಕಿ ನೋಡಿ. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅದೇ ಡೆನಿಯರ್. 150 ಡೆನಿಯರ್ ತೆಳು, 300 ಪರವಾಗಿಲ್ಲ, 600 ಗಟ್ಟಿ ಪಾಲಿಯೆಸ್ಟರ್. ಆದರೆ ಎಷ್ಟೇ ಡೆನಿಯರ್ ಇರಲಿ, ಪಾಲಿಯೆಸ್ಟರನ್ನು ಬಿಸಿಲು ತಿನ್ನುತ್ತದೆ. ಬೇಸಿಗೆಯಿಡೀ ಬಯಲಲ್ಲಿ ಬಿಟ್ಟರೆ ಬಣ್ಣ ಹೋಗಿ, ಮಡಿಕೆಯ ಜಾಗದಲ್ಲಿ ಬೆರಳಿಟ್ಟರೆ ಹರಿಯುವಂತಾಗುತ್ತದೆ. ರಾತ್ರಿ ಒದ್ದೆ ಹಿಮ ಬಿದ್ದರೆ ಫೈಬರ್ ಕಡ್ಡಿಗಳು ಮುರಿಯುತ್ತವೆ. ಹಾಗಾಗಿ ಬಟ್ಟೆಯದನ್ನು ಸೀಸನ್ನಿಗೆ ಮಾತ್ರ ಬಿಡಿಸಿ ನಿಲ್ಲಿಸಿ, ಸೀಸನ್ ಮುಗಿದ ಮೇಲೆ ಪೂರ್ತಿ ಒಣಗಿಸಿ ಒಳಗಿಡಿ. ಒದ್ದೆ ಇರುವಾಗಲೇ ಮಡಚಿದರೆ ಬೂಷ್ಟು ಖಂಡಿತ.

ಸ್ವಂತ ಜಮೀನಿದ್ದರೆ, ಅಥವಾ ಪರಿಚಯದ ರೈತರೊಬ್ಬರು ಲಿಖಿತ ಒಪ್ಪಿಗೆ ಕೊಟ್ಟಿದ್ದರೆ, ಪೆಟ್ಟಿಗೆಯಂಥ ಗಟ್ಟಿ ಗೂಡು ಕಟ್ಟಬಹುದು. ಮುಂದಿನದ್ದೆಲ್ಲ ಅದರ ಬಗ್ಗೆ.

ಹೆಜ್ಜೆ 2: ಗೂಡಿನ ಶತ್ರುಗಳನ್ನು ನೋಡಿಕೊಂಡು ಬನ್ನಿ

ಗೂಡು ನಿಲ್ಲುವ ಜಾಗಕ್ಕೆ ಒಮ್ಮೆ ಮಳೆಯಲ್ಲಿ ಹೋಗಿ, ಒಮ್ಮೆ ಗಾಳಿಯಲ್ಲಿ ಹೋಗಿ. ನೀರು ಎಲ್ಲಿ ನಿಲ್ಲುತ್ತದೆ, ಗಾಳಿ ಯಾವ ಕಡೆಯಿಂದ ಹೊಡೆಯುತ್ತದೆ ನೋಡಿ. ಬಯಲಿನ ಅಂಚಿನ ಗೂಡಿಗೆ ಬಿಸಿಲು ಮತ್ತು ಗಾಳಿ ಶತ್ರು. ಮರದ ನೆರಳಿನ ಗೂಡಿಗೆ ತೇವ ಶತ್ರು, ಅಲ್ಲಿ ಗೋಡೆ ಒಣಗುವುದೇ ಇಲ್ಲ.

ವಿಸ್ಕಾನ್ಸಿನ್‌ನಂಥ ಜಾಗದಲ್ಲಿ ಮಳೆಗಿಂತ ಕೆಟ್ಟದ್ದು ಹೆಪ್ಪುಗಟ್ಟಿ ಕರಗುವ ಆಟ. ಹಗಲು ಕರಗಿದ ನೀರು ಹಲಗೆಯ ಸಂದಿಗೆ ಇಳಿಯುತ್ತದೆ. ರಾತ್ರಿ ಮಂಜುಗಡ್ಡೆಯಾಗಿ ಊದಿಕೊಂಡು ಸಂದಿಯನ್ನು ಸ್ವಲ್ಪ ಅಗಲ ಮಾಡುತ್ತದೆ. ಮರುದಿನ ಆ ಅಗಲದ ಸಂದಿಗೆ ಇನ್ನಷ್ಟು ನೀರು. ಮಾರ್ಚ್ ತಿಂಗಳಲ್ಲಿ ಇದು ದಿನಾ ನಡೆಯುತ್ತದೆ.

ಪ್ರಾಣಿಗಳನ್ನೂ ಮರೆಯಬೇಡಿ. ಉತ್ತರದ ಕಾಡಿನಲ್ಲಿ ಮುಳ್ಳುಹಂದಿ ಇದೆ. ಅದಕ್ಕೆ ಉಪ್ಪಿನ ಆಸೆ, ಪ್ಲೈವುಡ್‌ನ ಅಂಟಿನ ಆಸೆ. ರಾತ್ರಿಯಿಡೀ ಕೂತು ಹಲಗೆಯ ಅಂಚನ್ನು ಕೆರೆದು ತಿನ್ನುತ್ತದೆ. ಬೆವರಿನ ಕೈ ತಾಗುವ ಬಾಗಿಲ ಅಂಚು, ಮೆಟ್ಟಿಲ ಹಿಡಿ ಅದಕ್ಕೆ ಇನ್ನೂ ಇಷ್ಟ. ಇಲಿ, ಅಳಿಲು, ಮರಕುಟಿಗ, ಕಣಜ, ಇವಂತೂ ಎಲ್ಲ ಕಡೆ ಇವೆ.

ಹೆಜ್ಜೆ 3: ಕಾಲು ಮತ್ತು ತಳದ ಚೌಕಟ್ಟು

ದುಡ್ಡನ್ನು ಮೊದಲು ಇಲ್ಲಿ ಹಾಕಿ. ಗೋಡೆ ಹಾಳಾದರೆ ಒಂದು ಹಲಗೆ ಬದಲಿಸಬಹುದು. ತಳ ಕೊಳೆತರೆ ಇಡೀ ಗೂಡು ಹೋಯಿತು.

ಅಂಗಡಿಯಲ್ಲಿ ಸಿಗುವ ಹಸಿರು ಛಾಯೆಯ ಟ್ರೀಟೆಡ್ ಮರಕ್ಕೆ ಒತ್ತಡದಲ್ಲಿ ಕೊಳೆ ತಡೆಯುವ ರಾಸಾಯನಿಕ ತುಂಬಿರುತ್ತಾರೆ. ಹಿಂದೆ ಅದರಲ್ಲಿ ಆರ್ಸೆನಿಕ್ ಇರುತ್ತಿತ್ತು. ಅಮೆರಿಕದಲ್ಲಿ ಮನೆ ಬಳಕೆಯ ಮರಕ್ಕೆ ಅದನ್ನು ಹಾಕುವುದು 2003ರ ಕೊನೆಗೆ ನಿಂತಿತು. ಈಗಿನದು ಹೆಚ್ಚಾಗಿ ತಾಮ್ರದ ಸಂಯುಕ್ತ. ಹಳೆ ಡೆಕ್ಕಿನ ಮರ ಪುಕ್ಕಟೆ ಸಿಕ್ಕರೆ ಅದು 2003ರದ್ದಾ, ಅದಕ್ಕೂ ಹಿಂದಿನದಾ ಅಂತ ಕೇಳಿ. ಅದನ್ನು ಕೊಯ್ಯುವಾಗ ಮಾಸ್ಕ್ ಬೇಕೇ ಬೇಕು. ಟ್ರೀಟೆಡ್ ಮರ ಹಳೆಯದಿರಲಿ ಹೊಸದಿರಲಿ, ಚೂರುಗಳನ್ನು ಬೆಂಕಿಗೆ ಹಾಕಲೇಬಾರದು.

ಪ್ರತಿ ತುಂಡಿನ ತುದಿಯಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಚೀಟಿ ಇರುತ್ತದೆ. ಅದನ್ನು ಓದದೆ ಕೊಳ್ಳಬೇಡಿ. ಯುಸಿ3ಬಿ ಅಂದರೆ ನೆಲದಿಂದ ಮೇಲಿನ ಬಳಕೆಗೆ. ಯುಸಿ4ಎ ಅಂದರೆ ನೆಲ ತಾಗಬಹುದು. ಎರಡೂ ಒಂದೇ ರಾಶಿಯಲ್ಲಿ, ಒಂದೇ ಬಣ್ಣದಲ್ಲಿ ಬಿದ್ದಿರುತ್ತವೆ. ಕಾಲಿಗೂ ತಳದ ಚೌಕಟ್ಟಿಗೂ ಯುಸಿ4ಎ ತಗೊಳ್ಳಿ. ಬೆಲೆಯ ವ್ಯತ್ಯಾಸ ಅಷ್ಟು ಜಾಸ್ತಿ ಏನಿಲ್ಲ.

ನೀವು ಕೊಯ್ದ ತುದಿಯಲ್ಲಿ ಆ ರಕ್ಷಣೆ ಇರುವುದಿಲ್ಲ. ರಾಸಾಯನಿಕ ಮರದ ತಿರುಳಿನವರೆಗೆ ಹೋಗಿರೋದಿಲ್ಲ. ಕೊಯ್ದ ಪ್ರತಿ ತುದಿಗೂ ತಾಮ್ರದ ನ್ಯಾಫ್ತನೇಟ್ ದ್ರಾವಣ ಹಚ್ಚಿ. ಎರಡು ನಿಮಿಷದ ಕೆಲಸ. ಕೊಯ್ದ ತುದಿಯನ್ನು ಮೇಲೆ ಮಾಡಿ, ಕಾರ್ಖಾನೆಯಿಂದ ಬಂದ ತುದಿಯನ್ನು ಕೆಳಗೆ ಮಾಡಿ ನಿಲ್ಲಿಸಿದರೆ ಇನ್ನೂ ಒಳ್ಳೆಯದು.

ಇಷ್ಟೆಲ್ಲ ಮಾಡಿದ ಮೇಲೂ ಮರವನ್ನು ಮಣ್ಣಿಗೆ ಹೂಳಬೇಡಿ. ಮಲೆನಾಡಿನ ಹಳೆ ಮನೆಗಳ ಜಗಲಿ ಕಂಬ ನೆನಪಿದೆಯಾ? ಮರದ ಕಂಬ ಎಂದೂ ನೆಲದ ಮೇಲೆ ನಿಂತಿರುವುದಿಲ್ಲ. ಕೆಳಗೊಂದು ಕೆತ್ತಿದ ಕಲ್ಲು ಇರುತ್ತದೆ. ಮಳೆ ನೀರು ಎರಚಿದರೂ ಕಲ್ಲಿಗೆ ಎರಚುತ್ತದೆ, ಮರಕ್ಕಲ್ಲ. ತಲೆಮಾರುಗಳ ಮಳೆ ಕಂಡ ಕಂಬ ಇವತ್ತಿಗೂ ಗಟ್ಟಿಯಾಗಿ ನಿಂತಿರುವುದಕ್ಕೆ ಮರದ ಜಾತಿಯಷ್ಟೇ ಆ ಕಲ್ಲೂ ಕಾರಣ. ಇಲ್ಲಿ ಅದೇ ಕೆಲಸವನ್ನು ಕಾಂಕ್ರೀಟ್ ಬ್ಲಾಕು ಮತ್ತು ಜಲ್ಲಿ ಮಾಡುತ್ತವೆ. ಆರಿಂಚು ಮಣ್ಣು ತೆಗೆದು ಜಲ್ಲಿ ತುಂಬಿ, ಮೇಲೆ ಬ್ಲಾಕ್ ಇಟ್ಟು, ಅದರ ಮೇಲೆ ಚೌಕಟ್ಟು ಕೂರಿಸಿ. ವಿಸ್ಕಾನ್ಸಿನ್‌ನಲ್ಲಿ ಮನೆಯ ಅಡಿಪಾಯವನ್ನು 48 ಇಂಚು ಆಳಕ್ಕೆ ಒಯ್ಯುವುದು ರೂಢಿ, ಅಲ್ಲಿಯವರೆಗೆ ನೆಲ ಹೆಪ್ಪುಗಟ್ಟಬಹುದು. ಬ್ಲಾಕ್ ಮೇಲಿನ ಗೂಡು ಚಳಿಗಾಲದಲ್ಲಿ ಸ್ವಲ್ಪ ಏಳುತ್ತದೆ, ಇಳಿಯುತ್ತದೆ. ನೆಲಮಟ್ಟದ ಸಣ್ಣ ಗೂಡಿಗೆ ಅದು ತೊಂದರೆಯಲ್ಲ, ವಸಂತದಲ್ಲಿ ಮಟ್ಟ ಸರಿಮಾಡಿದರಾಯಿತು. ಎತ್ತರದ ಅಟ್ಟಣೆಗೆ ಮಾತ್ರ ಇಷ್ಟು ಸಾಲದು. ಅದಕ್ಕೆ ಕಾಲುಗಳನ್ನು ಹೊರಕ್ಕೆ ಓರೆಯಾಗಿಸಿ, ಅಡ್ಡಪಟ್ಟಿ ಹಾಕಿ, ನಾಲ್ಕೂ ಕಡೆ ನೆಲಕ್ಕಿಳಿಸಿದ ಆಂಕರ್ ಗೂಟಗಳಿಗೆ ತಂತಿಯಿಂದ ಬಿಗಿಯಬೇಕು.

ಹೆಜ್ಜೆ 4: ಗೋಡೆ

ಇಲ್ಲಿ ಆಯ್ಕೆ ಜಾಸ್ತಿ, ಗೊಂದಲವೂ ಜಾಸ್ತಿ. ಒಂದೊಂದಾಗಿ ನೋಡೋಣ.

ಓಎಸ್‌ಬಿ: ಮರದ ಸೀಳುಗಳನ್ನು ಅಂಟು ಹಾಕಿ ಒತ್ತಿದ ಹಲಗೆ. ಅಗ್ಗ. ನನ್ನ ಮೊದಲ ಗೂಡು ಇದರದ್ದೇ. ಮುಖಕ್ಕೆ ಬಣ್ಣ ನಿಲ್ಲುತ್ತದೆ, ಅಂಚು ಮಾತ್ರ ನೀರು ಕುಡಿದು ಊದುತ್ತದೆ. ಒಮ್ಮೆ ಊದಿದ್ದು ಒಣಗಿದರೂ ಮೊದಲಿನಂತಾಗುವುದಿಲ್ಲ. ಹೊರಗಿನ ಗೋಡೆಗೆ ಬೇಡವೇ ಬೇಡ.

ಸಿಡಿಎಕ್ಸ್ ಪ್ಲೈವುಡ್: ಎಕ್ಸ್ ಇದೆಯಲ್ಲ, ಹೊರಾಂಗಣಕ್ಕೆ ಅಂತ ತಿಳಿದು ಕೊಳ್ಳುವವರು ತುಂಬ ಜನ. ನಿಜಕ್ಕೂ ಅದು ಎಕ್ಸ್‌ಪೋಶರ್ 1 ದರ್ಜೆ. ಅಂದರೆ ಮನೆ ಕಟ್ಟುವಾಗ ಕೆಲವು ದಿನ ಮಳೆಗೆ ಸಿಕ್ಕರೆ ಅಂಟು ತಡೆಯುತ್ತದೆ ಅಂತ. ವರ್ಷಗಟ್ಟಲೆ ಹೊರಗೆ ನಿಲ್ಲುವುದಕ್ಕೆ ಹಲಗೆಯ ಮೇಲೆ ‘ಎಕ್ಸ್‌ಟೀರಿಯರ್’ ಅಂತ ಮುದ್ರೆ ಇರಬೇಕು. ಹಲಗೆ ತಿರುಗಿಸಿ ಆ ಮುದ್ರೆ ಹುಡುಕಿ.

ಮರೀನ್ ಪ್ಲೈವುಡ್: ಹೆಸರು ಕೇಳಿದರೆ ಕೊಳೆಯೋದೇ ಇಲ್ಲ ಅನ್ನಿಸುತ್ತದೆ. ಅದರ ಗುಣ ಬೇರೆ. ಒಳಪದರಗಳಲ್ಲಿ ಖಾಲಿ ಜಾಗ ಇರುವುದಿಲ್ಲ, ಅಂಟು ಉತ್ತಮ ದರ್ಜೆಯದು. ಆದರೆ ಇಲ್ಲಿ ಸಿಗುವುದರಲ್ಲಿ ಕೊಳೆ ತಡೆಯುವ ರಾಸಾಯನಿಕ ಸಾಮಾನ್ಯವಾಗಿ ಇರುವುದಿಲ್ಲ. ಬಣ್ಣ ಹಚ್ಚದೆ ಬಿಟ್ಟರೆ ಅದೂ ಕೊಳೆಯುತ್ತದೆ. ಅಷ್ಟು ದುಡ್ಡು ಬ್ಲೈಂಡ್‌ಗೆ ಹಾಕಬೇಕಿಲ್ಲ.

ಕರ್ನಾಟಕದಲ್ಲಿ ಕಟ್ಟುವವರಿಗೆ ಲೆಕ್ಕ ಬೇರೆ. ಅಲ್ಲಿ ಐಎಸ್ 710 (ಭಾರತೀಯ ಮಾನಕ) ಮುದ್ರೆಯ ಮರೀನ್ ಪ್ಲೈವುಡ್ ಊರೂರಲ್ಲಿ ಸಿಗುತ್ತದೆ, ಮತ್ತು ಇಲ್ಲಿ ಅಪರೂಪವಾದ ದೊಡ್ಡ ಶತ್ರು ಗೆದ್ದಲು ಅಲ್ಲಿದೆ. ಗದ್ದೆಯ ಅಟ್ಟಣೆಗೋ ಫೋಟೋ ತೆಗೆಯುವ ಮರೆಗೋ ನಾನಾದರೆ ಕಾಲಿಗೆ ಮರ ಬಳಸುವುದಿಲ್ಲ. ಬಣ್ಣ ಹಚ್ಚಿದ ಕಬ್ಬಿಣದ ಪೈಪನ್ನು ಕಾಂಕ್ರೀಟಿನಲ್ಲಿ ನಿಲ್ಲಿಸಿ, ಮೇಲಿನ ಭಾಗಕ್ಕೆ ಮಾತ್ರ ಪ್ಲೈವುಡ್ ಹಾಕುತ್ತೇನೆ.

ಎಂಡಿಓ ಹಲಗೆ: ರಸ್ತೆ ಬದಿಯ ಫಲಕಗಳಿಗೆ ಬಳಸುವ ಪ್ಲೈವುಡ್ ಇದು. ಮುಖದ ಮೇಲೆ ರಾಳ ತುಂಬಿದ ಕಾಗದದ ಪದರ ಅಂಟಿಸಿರುತ್ತಾರೆ. ಬಣ್ಣ ಇದರ ಮೇಲೆ ಹಿಡಿದಷ್ಟು ಗಟ್ಟಿಯಾಗಿ ಬೇರೆ ಹಲಗೆಯ ಮೇಲೆ ಹಿಡಿಯುವುದಿಲ್ಲ. ಮಾಮೂಲು ಪ್ಲೈವುಡ್‌ನ ಮುಖ ಬಿಸಿಲಿಗೆ ಸಣ್ಣಗೆ ಸೀಳುತ್ತದೆ, ಆ ಸೀಳಿನಲ್ಲಿ ಬಣ್ಣ ಒಡೆಯುತ್ತದೆ. ಎಂಡಿಓದಲ್ಲಿ ಆ ಸೀಳೇ ಬರುವುದಿಲ್ಲ. ಬೆಲೆ ಜಾಸ್ತಿ, ಎಲ್ಲ ಅಂಗಡಿಯಲ್ಲಿ ಇರುವುದಿಲ್ಲ, ಮರದ ಡಿಪೋದಲ್ಲಿ ಹೇಳಿ ತರಿಸಬೇಕು.

ಎಂಜಿನಿಯರ್ಡ್ ಸೈಡಿಂಗ್: ಮನೆಯ ಹೊರಗೋಡೆಗೆ ಬಳಸುವ ಹಲಗೆ. ನೋಡಲು ಓಎಸ್‌ಬಿಯ ಅಣ್ಣನಂತಿದ್ದರೂ ಇದರಲ್ಲಿ ಜಿಂಕ್ ಬೋರೇಟ್ ಸೇರಿಸಿರುತ್ತಾರೆ. ಅದು ಶಿಲೀಂಧ್ರವನ್ನೂ ಹುಳವನ್ನೂ ತಡೆಯುತ್ತದೆ. ಮುಖಕ್ಕೆ ಪ್ರೈಮರ್ ಹಚ್ಚಿಯೇ ಬರುತ್ತದೆ. ಕೊಯ್ದ ಅಂಚಿಗೆ ಬಣ್ಣ ಹಚ್ಚದಿದ್ದರೆ ಮಾತ್ರ ಎಲ್ಲವೂ ವ್ಯರ್ಥ.

ಟಿ1-11: ಉದ್ದುದ್ದ ಗೀರುಗಳಿರುವ ಪ್ಲೈವುಡ್. ಚೆಂದ ಕಾಣುತ್ತದೆ. ಆದರೆ ಗೀರು ಇರುವಲ್ಲಿ ಹಲಗೆ ತೆಳು, ನೀರು ಅದೇ ಗೀರಿನಲ್ಲಿ ಇಳಿದು ಕೆಳ ಅಂಚಿನಲ್ಲಿ ನಿಲ್ಲುತ್ತದೆ. ಸೂರು ಅಗಲವಿದ್ದರೆ ಮಾತ್ರ ಬಳಸಿ.

ಸೀಡರ್: ಉತ್ತರ ವಿಸ್ಕಾನ್ಸಿನ್‌ನ ಜೌಗು ನೆಲದಲ್ಲಿ ಬಿಳಿ ಸೀಡರ್ ಬೆಳೆಯುತ್ತದೆ. ಊರಿನ ಸಣ್ಣ ಸಾಮಿಲ್ಲಿನಲ್ಲಿ ಕೆಲವೊಮ್ಮೆ ಒಳ್ಳೆಯ ಬೆಲೆಗೆ ಸಿಗುತ್ತದೆ. ಹಗುರ, ಮತ್ತು ಅದರ ತಿರುಳು ತಾನಾಗಿಯೇ ಕೊಳೆ ತಡೆಯುತ್ತದೆ. ಹೊರಗಿನ ಬಿಳಿ ಪದರಕ್ಕೆ ಆ ಶಕ್ತಿಯಿಲ್ಲ, ತಿರುಳಿನ ಹಲಗೆ ಆರಿಸಿ. ಹಲಗೆ ಕುಗ್ಗಿ ಸಂದಿ ಬಿಟ್ಟರೆ ಬೆಳಕೂ ಗಾಳಿಯೂ ಒಳಗೆ ಬರುತ್ತವೆ, ಹಾಗಾಗಿ ಒಂದರ ಮೇಲೊಂದು ಹೊದಿಸಿ ಹೊಡೆಯಬೇಕು.

ತಗಡು: ಗ್ಯಾಲ್ವನೈಸ್ಡ್ ತಗಡು ಬಾಳುತ್ತದೆ, ಅದರಲ್ಲಿ ಅನುಮಾನವಿಲ್ಲ. ಗೇಜ್ ಅಂಕಿ ಹೆಚ್ಚಿದಷ್ಟೂ ತಗಡು ತೆಳು: 29 ಗೇಜಿಗಿಂತ 26 ಗೇಜು ದಪ್ಪ. ಮುಳ್ಳುಹಂದಿ ಇದನ್ನು ತಿನ್ನುವುದಿಲ್ಲ. ಆದರೆ ಗೋಡೆಗೆ ನಾನು ಹಾಕುವುದಿಲ್ಲ, ಎರಡು ಕಾರಣಕ್ಕೆ. ಮುಂಜಾನೆ ಬಿಸಿಲು ಬಿದ್ದಾಗ ತಗಡು ಹಿಗ್ಗಿ ‘ಟಕ್’ ಅನ್ನುತ್ತದೆ, ಅದೂ ಜಿಂಕೆ ಬರುವ ಹೊತ್ತಿಗೇ. ಇನ್ನೊಂದು, ನಿಮ್ಮ ಉಸಿರು ತಣ್ಣನೆಯ ತಗಡಿಗೆ ತಾಗಿ ನೀರಾಗಿ, ಗೋಡೆಯಿಂದ ಇಳಿದು ನೆಲದ ಮರ ನೆನೆಸುತ್ತದೆ. ಹೊರಗೆ ತುಕ್ಕಿಲ್ಲದ ಗೂಡು ಒಳಗಿನಿಂದ ಕೊಳೆಯುತ್ತದೆ.

ಪ್ಲಾಸ್ಟಿಕ್ ಅಚ್ಚಿನ ಗೂಡು: ಪಾಲಿಎಥಿಲೀನ್ ಪ್ಲಾಸ್ಟಿಕನ್ನು ತಿರುಗುವ ಅಚ್ಚಿನಲ್ಲಿ ಕರಗಿಸಿ ಒಂದೇ ತುಂಡಾಗಿ ಮಾಡಿರುತ್ತಾರೆ. ಕೊಳೆಯುವುದಿಲ್ಲ, ಸಂದಿ ಕಡಿಮೆ, ಬಣ್ಣದ ಗೊಡವೆಯಿಲ್ಲ. ಬಿಸಿಲು ತಡೆಯುವ ಯುವಿ ಅಂಶ ಪ್ಲಾಸ್ಟಿಕ್ಕಿನೊಳಗೇ ಸೇರಿದೆಯಾ ಅಂತ ಕೇಳಿ. ಇದರ ಒಂದು ಸ್ವಭಾವ ತಿಳಿದಿರಲಿ: ಚಳಿ-ಬಿಸಿಲಿಗೆ ಇದು ಬಹಳ ಹಿಗ್ಗುತ್ತದೆ, ಕುಗ್ಗುತ್ತದೆ. ಆರಡಿ ಉದ್ದದ ತುಂಡು 40 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸಕ್ಕೆ ಸುಮಾರು ಒಂದು ಸೆಂಟಿಮೀಟರ್ ಬದಲಾಗಬಹುದು. ಇದಕ್ಕೆ ಮರದ ಚೌಕಟ್ಟು ಬಿಗಿಯುವಾಗ ದುಂಡನೆಯ ತೂತು ಕೊರೆದರೆ ಪ್ಲಾಸ್ಟಿಕ್ ಸೀಳುತ್ತದೆ. ಉದ್ದನೆಯ ತೂತು ಕೊರೆದು, ವಾಷರ್ ಹಾಕಿ, ಸ್ವಲ್ಪ ಸಡಿಲ ಬಿಡಿ. ಸೀಳಿದ ಮೇಲೆ ಮಾಮೂಲು ಅಂಟು ಹಿಡಿಯುವುದಿಲ್ಲ, ಕಾಯಿಸಿ ಬೆಸೆಯಬೇಕು.

ಫೈಬರ್‌ಗ್ಲಾಸ್: ದೋಣಿಯ ಸಾಮಗ್ರಿ. ಬಿಗಿ, ಗಟ್ಟಿ. ಮೇಲಿನ ಜೆಲ್‌ಕೋಟ್ ಬಿಸಿಲಿಗೆ ವರ್ಷ ಕಳೆದಂತೆ ಸುಣ್ಣದ ಪುಡಿಯ ಹಾಗೆ ಕೈಗೆ ಅಂಟುತ್ತದೆ, ಮತ್ತೆ ಬಣ್ಣ ಬಳಿಯಬಹುದು. ಒಡೆದರೆ ಬಟ್ಟೆ ಮತ್ತು ರಾಳದಿಂದ ತೇಪೆ ಹಾಕಬಹುದು. ಇದು ಪ್ಲಾಸ್ಟಿಕ್ಕಿಗಿಂತ ದೊಡ್ಡ ಅನುಕೂಲ.

ನನ್ನ ತೀರ್ಮಾನ ಹೇಳುತ್ತೇನೆ. ದುಡ್ಡಿಗೆ ತೊಂದರೆಯಿಲ್ಲ, ಟ್ರೈಲರ್ ಹೋಗುವ ದಾರಿಯಿದೆ, ಕಟ್ಟಲು ಸಮಯವಿಲ್ಲ ಅನ್ನುವವರು ಫೈಬರ್‌ಗ್ಲಾಸ್ ಅಥವಾ ಅಚ್ಚಿನ ಪ್ಲಾಸ್ಟಿಕ್ ಕೊಳ್ಳಲಿ. ಕೈಯಾರೆ ಕಟ್ಟುವವರು ಎಂಡಿಓ ಸಿಕ್ಕರೆ ಎಂಡಿಓ, ಇಲ್ಲದಿದ್ದರೆ ಎಂಜಿನಿಯರ್ಡ್ ಸೈಡಿಂಗ್. ನನ್ನ ಎರಡನೇ ಗೂಡಿಗೆ ಎಂಡಿಓ ಹಾಕಿದೆ. ಹಲಗೆ 4 ಅಡಿಗೆ 8 ಅಡಿ ಬರುವುದರಿಂದ ಗೂಡನ್ನು 4 ಅಡಿಗೆ 6 ಅಡಿ ಮಾಡಿದರೆ ಹಲಗೆ ವ್ಯರ್ಥವಾಗುವುದು ಕಡಿಮೆ. ಇಬ್ಬರು ಕೂರಬೇಕಾದರೆ 6 ಅಡಿಗೆ 6 ಅಡಿ ಬೇಕು.

ಹೆಜ್ಜೆ 5: ಕೊಳ್ಳುವ ಮೊದಲು ಬಕೆಟ್ ಪರೀಕ್ಷೆ

ಯಾರ ಮಾತನ್ನೂ, ನನ್ನದನ್ನೂ, ಸುಮ್ನೆ ನಂಬಬೇಡಿ. ಡಿಪೋದಲ್ಲಿ ಚೂರು ಹಲಗೆ ಕೇಳಿದರೆ ಕೊಡುತ್ತಾರೆ. ಪ್ರತಿಯೊಂದರಿಂದ ಅಂಗೈಯಗಲದ ಎರಡು ತುಂಡು ಮಾಡಿ. ಒಂದರ ಅಂಚಿಗೆ ಮೂರು ಸಲ ಬಣ್ಣ ಹಚ್ಚಿ, ಇನ್ನೊಂದನ್ನು ಹಾಗೇ ಬಿಡಿ. ಅಂಚಿನ ದಪ್ಪವನ್ನು ಕ್ಯಾಲಿಪರ್‌ನಲ್ಲಿ ಅಳೆದು ಹಲಗೆಯ ಮೇಲೇ ಪೆನ್ಸಿಲಿನಿಂದ ಬರೆಯಿರಿ. ಒಂದು ದಿನ ಬಕೆಟ್ ನೀರಿನಲ್ಲಿ ಮುಳುಗಿಸಿಡಿ. ಮರುದಿನ ಫ್ರೀಜರಿಗೆ ಹಾಕಿ. ಅದರ ಮರುದಿನ ಮತ್ತೆ ಬಕೆಟ್. ಹತ್ತು ಸಲ ಹೀಗೆ ಮಾಡಿ ಅಳೆಯಿರಿ.

ನಾನು ಮಾಡಿದಾಗ ಬಣ್ಣವಿಲ್ಲದ ಓಎಸ್‌ಬಿ ಕಣ್ಣಿಗೇ ಕಾಣುವಷ್ಟು ಊದಿತ್ತು. ಉಗುರಿನಿಂದ ಎಬ್ಬಿಸಿದರೆ ಅಂಚಿನ ಸೀಳುಗಳು ಕೈಗೆ ಬರುತ್ತಿದ್ದವು. ಬೆರಗಾಗಿದ್ದು ಬೇರೆ ವಿಷಯಕ್ಕೆ. ಅಂಚಿಗೆ ಬಣ್ಣ ಹಚ್ಚಿದ ಅಗ್ಗದ ಪ್ಲೈವುಡ್, ಬಣ್ಣವಿಲ್ಲದ ದುಬಾರಿ ಪ್ಲೈವುಡ್‌ಗಿಂತ ಕಡಿಮೆ ಊದಿತ್ತು. ಆ ಎರಡು ತುಂಡು ಇನ್ನೂ ನನ್ನ ಗ್ಯಾರೇಜಿನ ಕಿಟಕಿಯಲ್ಲಿವೆ.

ಹೆಜ್ಜೆ 6: ಸೂರು

ಮಾಡು, ಅಂದರೆ ಛಾವಣಿ, ಎಷ್ಟು ಹೊರಗೆ ಚಾಚಿದೆ ಅನ್ನೋದು ಗೋಡೆಯ ಆಯಸ್ಸನ್ನು ತೀರ್ಮಾನಿಸುತ್ತದೆ. ನಾಲ್ಕೂ ಕಡೆ ಕನಿಷ್ಠ ಆರಿಂಚು ಚಾಚಲಿ. ಇಳಿಜಾರು ಹಿಂದಕ್ಕಿರಲಿ, ನೀವು ನೋಡುವ ಕಿಟಕಿಯ ಮುಂದೆ ನೀರು ಸುರಿಯಬಾರದು.

ಹಿಮದ ಭಾರ ಲೆಕ್ಕ ಹಾಕಿ. ಹಿಮ ಎಷ್ಟೇ ಎತ್ತರವಿರಲಿ, ಅದು ಕರಗಿ ಒಂದಿಂಚು ನೀರಾಗುವಷ್ಟಿದ್ದರೆ ಚದರಡಿಗೆ 5.2 ಪೌಂಡ್ ಭಾರ. 7 ಅಡಿಗೆ 7 ಅಡಿ ಮಾಡಿನ ಮೇಲೆ ಅದು ಸುಮಾರು 255 ಪೌಂಡ್. ಮೂರು ನಾಲ್ಕು ಇಂಚು ನೀರಿನಷ್ಟು ಹಿಮ ಕೂತರೆ ಎಷ್ಟಾಯಿತು ನೋಡಿ. ಹಾಗಾಗಿ ಮಾಡಿನ ಅಡ್ಡಪಟ್ಟಿಗಳು 16 ಇಂಚಿಗೊಂದರಂತೆ ಇರಲಿ.

ಹೊದಿಕೆಗೆ ಎರಡೇ ಆಯ್ಕೆ ಹೇಳುತ್ತೇನೆ. ಬಣ್ಣದ ತಗಡು ಬಾಳುತ್ತದೆ, ಹಿಮ ಜಾರುತ್ತದೆ, ಆದರೆ ಮಳೆಗೆ ಸದ್ದು. ಕೆಳಗೆ ಪ್ಲೈವುಡ್ ಮತ್ತು ಫೆಲ್ಟ್ ಹಾಕಿದರೆ ಸದ್ದೂ ಇಳಿಯುತ್ತದೆ, ಉಸಿರಿನ ನೀರೂ ತೊಟ್ಟಿಕ್ಕುವುದಿಲ್ಲ. ಇನ್ನೊಂದು ಇಪಿಡಿಎಂ ರಬ್ಬರ್ ಹಾಳೆ, 45 ಅಥವಾ 60 ಮಿಲ್ ದಪ್ಪದ್ದು (ಒಂದು ಮಿಲ್ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ). ಇಡೀ ಮಾಡಿಗೆ ಒಂದೇ ತುಂಡು, ಒಂದೂ ಸಂದಿಯಿಲ್ಲ. ಮಳೆಯ ಸದ್ದು ಬಹಳ ಕಡಿಮೆ. ನನ್ನ ಗೂಡಿನ ಮೇಲೆ ಇರುವುದು ಇದೇ. ದೊಡ್ಡ ಕಟ್ಟಡಗಳ ಮಾಡು ಹೊದಿಸುವವರ ಹತ್ತಿರ ಉಳಿದ ತುಂಡು ಕೇಳಿ ನೋಡಿ.

ಹೆಜ್ಜೆ 7: ಸ್ಕ್ರೂ, ಬೋಲ್ಟು

ಈಗಿನ ಟ್ರೀಟೆಡ್ ಮರದಲ್ಲಿರುವ ತಾಮ್ರ ಮಾಮೂಲು ಉಕ್ಕನ್ನು ಬೇಗ ತಿನ್ನುತ್ತದೆ. ಹಾಟ್ ಡಿಪ್ ಗ್ಯಾಲ್ವನೈಸ್ಡ್ (ಕರಗಿದ ಸತುವಿನಲ್ಲಿ ಅದ್ದಿ ತೆಗೆದ) ಅಥವಾ ಸ್ಟೇನ್‌ಲೆಸ್ ಸ್ಟೀಲ್ ಮಾತ್ರ ಬಳಸಿ. ಥಳಥಳ ಹೊಳೆಯುವ ತೆಳು ಲೇಪದ ಸ್ಕ್ರೂ ಸಾಲದು. ಡ್ರೈವಾಲ್ ಸ್ಕ್ರೂ ಅಂತೂ ಮುಟ್ಟಬೇಡಿ, ಅದು ಪೆಡಸು, ಗಾಳಿಗೆ ಗೂಡು ಅಲುಗಿದಾಗ ಕತ್ತು ಮುರಿಯುತ್ತದೆ. ಭಾರ ಹೊರುವ ಕಡೆ ಆರಪಾರ ಹೋಗುವ ಬೋಲ್ಟ್ ಹಾಕಿ. ಅಲ್ಯೂಮಿನಿಯಂ ಪಟ್ಟಿಯನ್ನು ಟ್ರೀಟೆಡ್ ಮರಕ್ಕೆ ನೇರವಾಗಿ ತಾಗಿಸಬೇಡಿ, ನಡುವೆ ರಬ್ಬರಿನ ಚೂರು ಇರಲಿ.

ಹೆಜ್ಜೆ 8: ಕಿಟಕಿ ಮತ್ತು ಸದ್ದು

ಅಕ್ರಿಲಿಕ್ ಅಗ್ಗ, ಆದರೆ ಚಳಿಯಲ್ಲಿ ತೂತಿನ ಬಳಿ ಬಿರುಕು ಬಿಡುತ್ತದೆ. ಪಾಲಿಕಾರ್ಬೊನೇಟ್ ಒಡೆಯುವುದಿಲ್ಲ, ಆದರೆ ಒಂದು ಸಲ ಒಣ ಬಟ್ಟೆಯಲ್ಲಿ ಒರೆಸಿದರೂ ಗೀರು ಬೀಳುತ್ತದೆ, ಯುವಿ ಲೇಪವಿಲ್ಲದಿದ್ದರೆ ಹಳದಿಯಾಗುತ್ತದೆ. ಟೆಂಪರ್ಡ್ ಗಾಜು ಭಾರ, ಆದರೆ ವರ್ಷಗಳ ನಂತರವೂ ತಿಳಿಯಾಗಿರುತ್ತದೆ. ಬೆಳಗಿನ ಮಸುಕು ಬೆಳಕಿನಲ್ಲಿ ನೋಡಬೇಕಾದವರಿಗೆ ಗಾಜೇ ಸರಿ.

ಎಷ್ಟೇ ಬಾಳುವ ಸಾಮಗ್ರಿಯಾದರೂ ಸದ್ದು ಮಾಡಿದರೆ ಪ್ರಯೋಜನವಿಲ್ಲ. ಅಂಗಡಿಯಲ್ಲೇ ಉಗುರಿನಿಂದ ಗೀರಿ ನೋಡಿ. ಜಾಕೆಟ್ಟಿನ ತೋಳು ಉಜ್ಜಿ ನೋಡಿ. ಕಿಟಕಿಯ ಚೌಕಟ್ಟಿಗೆ ಫೆಲ್ಟ್ ಅಂಟಿಸಿ. ನೆಲಕ್ಕೆ ರಬ್ಬರ್ ಮ್ಯಾಟ್ ಹಾಸಿ. ಕುದುರೆ ಲಾಯಕ್ಕೆ ಹಾಸುವ 4 ಅಡಿಗೆ 6 ಅಡಿಯ, ಮುಕ್ಕಾಲು ಇಂಚಿನ ಮ್ಯಾಟ್ ತುಂಬ ಒಳ್ಳೆಯದು. ಆದರೆ ಅದು 100 ಪೌಂಡ್ ಹತ್ತಿರ ತೂಗುತ್ತದೆ, ಅಟ್ಟಣೆಯ ಮೇಲಿನ ಗೂಡಿಗೆ ತೆಳುವಾದದ್ದು ತಗೊಳ್ಳಿ. ಮನೆಯ ಹಳೆ ಕಾರ್ಪೆಟ್ ಹಾಕಬೇಡಿ. ನನ್ನ ಮೊದಲ ಗೂಡಿನ ನೆಲ ಕೊಳೆತದ್ದು ಅದರಿಂದಲೇ. ಬೂಟಿನ ಹಿಮ ಕರಗಿ ಕಾರ್ಪೆಟ್ ಹೀರಿಕೊಂಡಿತ್ತು, ಕೆಳಗಿನ ಹಲಗೆ ಮೇ ತಿಂಗಳವರೆಗೂ ಒಣಗಿರಲಿಲ್ಲ. ಇಲಿಗಳು ಅದರಲ್ಲೇ ಗೂಡು ಮಾಡಿದ್ದವು.

ಹೆಜ್ಜೆ 9: ಅಂಚು ಮುಚ್ಚುವುದು

ಎರಡು ದಿನ ಇದಕ್ಕೇ ಎತ್ತಿಡಿ. ಎಲ್ಲ ಹಲಗೆಗಳನ್ನೂ ಮೊದಲು ಕೊಯ್ದು ಮುಗಿಸಿ, ಕಿಟಕಿಯ ತೂತುಗಳನ್ನೂ ಕೊರೆದು, ಜೋಡಿಸುವ ಮೊದಲೇ ಬಣ್ಣ ಹಚ್ಚಿ. ಜೋಡಿಸಿದ ಮೇಲೆ ಕೆಳ ಅಂಚಿಗೆ ಬ್ರಷ್ ಹೋಗುವುದಿಲ್ಲ, ನೀರು ಮಾತ್ರ ಹೋಗುತ್ತದೆ.

ಹಲಗೆಯನ್ನು ಕುರ್ಚಿಗೆ ಒರಗಿಸಿ ಅಂಚು ಮೇಲೆ ಬರುವಂತೆ ನಿಲ್ಲಿಸಿ. ಮೊದಲು ಹೊರಾಂಗಣ ಪ್ರೈಮರ್. ಅಂಚು ಅದನ್ನು ಕುಡಿದುಬಿಡುತ್ತದೆ, ಮ್ಯಾಟ್ ಆಗಿ ಕಾಣುತ್ತದೆ. ಒಣಗಿದ ಮೇಲೆ ಇನ್ನೊಮ್ಮೆ ಪ್ರೈಮರ್. ಆಮೇಲೆ ಅಕ್ರಿಲಿಕ್ ಹೊರಾಂಗಣ ಬಣ್ಣ ಎರಡು ಸಲ. ಬೆರಳಾಡಿಸಿದರೆ ಒರಟು ಹೋಗಿ ನುಣುಪಾಗಿರಬೇಕು. ಒಳಮುಖಕ್ಕೂ ಬಣ್ಣ ಬೇಕು, ಕಪ್ಪಾಗಿದ್ದರೆ ಒಳಗಿನ ನಿಮ್ಮ ಅಲುಗಾಟ ಹೊರಗೆ ಕಾಣುವುದಿಲ್ಲ.

ಹೊಸ ಟ್ರೀಟೆಡ್ ಮರ ಅಂಗಡಿಯಿಂದ ಒದ್ದೆಯಾಗಿಯೇ ಬರುತ್ತದೆ. ಅದಕ್ಕೆ ತಕ್ಷಣ ಬಣ್ಣ ಹಚ್ಚಿದರೆ ಸುಲಿಯುತ್ತದೆ. ನಾಲ್ಕು ಹನಿ ನೀರು ಹಾಕಿ ನೋಡಿ. ಹನಿ ಮಣಿಯಂತೆ ನಿಂತರೆ ಇನ್ನೂ ಕಾಯಿರಿ. ಹೀರಿಕೊಂಡರೆ ಬಣ್ಣಕ್ಕೆ ಸಿದ್ಧ.

ಜೋಡಿಸುವಾಗ ಹಲಗೆ ಹಲಗೆಯ ನಡುವೆ ಎಂಟನೇ ಒಂದು ಇಂಚು ಸಂದಿ ಬಿಡಿ, ಊದಲು ಜಾಗ ಬೇಕು. ಗೋಡೆಯ ಕೆಳ ಅಂಚು ತಳದ ಚೌಕಟ್ಟಿಗಿಂತ ಅರ್ಧ ಇಂಚು ಕೆಳಗೆ ಇಳಿದಿರಲಿ, ಆಗ ನೀರು ಅಲ್ಲಿಂದ ತೊಟ್ಟಿಕ್ಕಿ ಬೀಳುತ್ತದೆ, ಒಳಗೆ ಹರಿಯುವುದಿಲ್ಲ. ಆದರೆ ಆ ಅಂಚು ನೆಲದಿಂದ ಆರಿಂಚಾದರೂ ಮೇಲಿರಬೇಕು. ಕಿಟಕಿಯ ಮೇಲೆ ಒಂದು ಸಣ್ಣ ತಗಡಿನ ಪಟ್ಟಿ ಬಗ್ಗಿಸಿ ಹಾಕಿ. ಮುಳ್ಳುಹಂದಿ ಇರುವ ಕಡೆ ಕೆಳಗಿನ ಅಂಚಿಗೂ ಬಾಗಿಲ ಅಂಚಿಗೂ ತಗಡಿನ ಪಟ್ಟಿ ಹೊಡೆಯಿರಿ.

ಬಣ್ಣದ ಕೆಲಸ ಬೇಸಿಗೆಯಲ್ಲೇ ಮುಗಿಯಲಿ. ಹೊಸ ಬಣ್ಣದ ವಾಸನೆ ಜಿಂಕೆಯ ಮೂಗಿಗೆ ತಿಳಿಯದಷ್ಟು ಆರಲು ತಿಂಗಳುಗಳು ಬೇಕು, ಗೂಡು ಅಲ್ಲಿರುವುದು ಜಿಂಕೆಗೆ ರೂಢಿಯಾಗಲೂ ಸಮಯ ಬೇಕು. ಹೊಳೆಯುವ ಬಣ್ಣ ಬೇಡ. ಜಿಂಕೆಗೆ ಕಿತ್ತಳೆ ನಮ್ಮಷ್ಟು ಎದ್ದು ಕಾಣುವುದಿಲ್ಲ, ಆದರೆ ನೀಲಿಯ ಕಡೆಯ ಬೆಳಕು ಚೆನ್ನಾಗಿ ಕಾಣುತ್ತದೆ. ನೀಲಿ ಟಾರ್ಪಾಲು ಹೊದಿಸಿ ಬಿಡುವವರು ಇದನ್ನು ಗಮನಿಸಿ.

ಹೆಜ್ಜೆ 10: ಬೆಚ್ಚಗಿಡುವ ಪದರ, ಹೀಟರ್

ಫೋಮ್ ಹಲಗೆ ಚಳಿ ತಡೆಯುತ್ತದೆ. ಬರಿದಾಗಿ ಬಿಟ್ಟರೆ ಇಲಿ ಕೊರೆದು ಮನೆ ಮಾಡುತ್ತದೆ. ಅದರ ಮೇಲೆ ತೆಳು ಪ್ಲೈವುಡ್ ಮುಚ್ಚಿ. ಪ್ರೊಪೇನ್ ಹೀಟರ್ ಬಳಸುವವರು ಇನ್ನೊಂದು ಕಾರಣಕ್ಕೂ ಮುಚ್ಚಲೇಬೇಕು: ಬರಿ ಫೋಮ್ ಬೆಂಕಿ ಹಿಡಿದರೆ ವಿಷದ ಹೊಗೆ ಬರುತ್ತದೆ. ಸಂದಿಗಳನ್ನೆಲ್ಲ ಚೆನ್ನಾಗಿ ಮುಚ್ಚಿದ ಗೂಡಿನಲ್ಲಿ ಹೀಟರ್ ಹಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಾನಿಲ ತುಂಬಬಹುದು. ಅದಕ್ಕೆ ವಾಸನೆಯಿಲ್ಲ. ಎದುರುಬದುರು ಎರಡು ಗಾಳಿಕಿಂಡಿ ಯಾವಾಗಲೂ ತೆರೆದಿರಲಿ, ಬ್ಯಾಟರಿಯ ಅಲಾರಂ ಒಂದು ಗೋಡೆಗೆ ಇರಲಿ. ಆ ಕಿಂಡಿಗಳು ಬೇಸಿಗೆಯಲ್ಲಿ ಗೂಡನ್ನು ಒಣಗಿಸುತ್ತವೆ ಕೂಡ. ಕಿಂಡಿಗೆ ಕಾಲಿಂಚಿನ ಉಕ್ಕಿನ ಜಾಲರಿ ಹಾಕಿ, ಇಲಿ ನುಗ್ಗುವುದಿಲ್ಲ.

ಪ್ರತಿ ಏಪ್ರಿಲ್‌ನಲ್ಲಿ

ಹಿಮ ಹೋದ ಮೇಲೆ ಒಂದು ಸ್ಕ್ರೂಡ್ರೈವರ್, ಒಂದು ಸಣ್ಣ ಡಬ್ಬಿ ಬಣ್ಣ, ಒಂದು ಬ್ರಷ್ ಹಿಡಿದು ಹೋಗಿ. ಮೊದಲು ಉತ್ತರ ದಿಕ್ಕಿನ ಕೆಳ ಅಂಚು, ಅದು ಕೊನೆಗೆ ಒಣಗುವ ಜಾಗ. ಆಮೇಲೆ ಕಿಟಕಿಯ ಕೆಳಗಿನ ಎರಡು ಮೂಲೆ. ಆಮೇಲೆ ನಾಲ್ಕು ಕಾಲಿನ ಬುಡ. ಸ್ಕ್ರೂಡ್ರೈವರ್ ತುದಿಯಿಂದ ಮೆಲ್ಲಗೆ ಒತ್ತಿ. ಗಟ್ಟಿಯಿದ್ದರೆ ಮುಂದೆ ಹೋಗಿ. ಬಣ್ಣ ಬಿರುಕು ಬಿಟ್ಟಿದ್ದರೆ ಕೆರೆದು ಅಲ್ಲೇ ಹಚ್ಚಿ. ತುದಿ ಒಳಗೆ ಹೋದರೆ ಮೆತ್ತಗಾದ ಭಾಗವನ್ನೆಲ್ಲ ಕೊಯ್ದು, ಹೊಸ ಪಟ್ಟಿಯನ್ನು ನಾಲ್ಕೂ ಅಂಚಿಗೆ ಬಣ್ಣ ಹಚ್ಚಿಯೇ ಜೋಡಿಸಿ. ಮೇಲೆ ಬಿದ್ದ ಕೊಂಬೆ, ಗೋಡೆಗೆ ಒರಗಿದ ಎಲೆರಾಶಿ ತೆಗೆಯಿರಿ, ಒದ್ದೆ ಎಲೆ ಗೋಡೆಗೆ ತಾಗಿದ ಕಡೆ ಮುಂದಿನ ವರ್ಷ ಕೊಳೆ ಇರುತ್ತದೆ. ಕೊನೆಗೆ ಬೋಲ್ಟುಗಳನ್ನು ಒಂದು ಸುತ್ತು ಬಿಗಿ ಮಾಡಿ, ಆಂಕರಿನ ತಂತಿ ಎಳೆದು ನೋಡಿ, ಕಿಟಕಿಗಳನ್ನು ಅರ್ಧ ದಿನ ತೆರೆದಿಟ್ಟು, ಮುಚ್ಚಿ ಬನ್ನಿ.